ಒಂಟಿ ಕೋಣೆಗಳ ಸೆರೆಮನೆ

ಅಂಡಮಾನಿನ ಸೆಲ್ಯುಲರ್ ಜೈಲಿಗೆ ಆ ಹೆಸರು ಬಂದದ್ದು ಅದರ ಕೋಣೆಗಳಿಂದ. ಮೂರು ಅಂತಸ್ತಿನ ಏಳು ಸಾಲುಗಳಲ್ಲಿ ಸುಮಾರು ಏಳುನೂರು ಕೋಣೆಗಳು; ಒಂದೊಂದರಲ್ಲೂ ಒಬ್ಬನೇ ಕೈದಿ. ಹತ್ತಾರು ಜನರನ್ನು ಒಟ್ಟಿಗೆ ಕೂಡಿಹಾಕುವ ಬ್ಯಾರಕ್ ಇಲ್ಲಿರಲಿಲ್ಲ.

ದ್ವೀಪದಲ್ಲಿ ಸೆರೆವಾಸ ಶುರುವಾದದ್ದು ಈ ಕಟ್ಟಡಕ್ಕಿಂತ ಬಹಳ ಮೊದಲು. 1857ರ ದಂಗೆಯ ನಂತರ, 1858ರ ಮಾರ್ಚಿನಲ್ಲಿ, ಆಗ್ರಾ ಜೈಲಿನ ಅಧಿಕಾರಿಯಾಗಿದ್ದ ಡಾ. ಜೆ. ಪಿ. ವಾಕರ್ 200 ಕೈದಿಗಳೊಡನೆ ಪೋರ್ಟ್ ಬ್ಲೇರಿನಲ್ಲಿ ಇಳಿದ. ಕಾಡು ಕಡಿಯುವುದು, ರಸ್ತೆ ಹಾಕುವುದು, ಗುಡಿಸಲು ಕಟ್ಟುವುದು ಅವರ ಪಾಲಿನ ಕೆಲಸ. ಸುತ್ತಲಿನ ಸಮುದ್ರವೇ ಗೋಡೆಯಾಗಿತ್ತು. ಕಡಲು ದಾಟಿದವನು ಜಾತಿಗೆಡುತ್ತಾನೆಂಬ ನಂಬಿಕೆಯೂ ಸೇರಿ ಈ ಗಡೀಪಾರು ‘ಕರಿನೀರಿನ ಶಿಕ್ಷೆ’ ಎಂದು ಹೆಸರಾಯಿತು.

ಕಾಲ ಕಳೆದಂತೆ ಆ ಭಯ ಕಡಿಮೆಯಾಯಿತು. ಕೆಲವು ವರ್ಷ ಒಳ್ಳೆಯ ನಡತೆ ತೋರಿದ ಕೈದಿ ಅಲ್ಲೇ ಬೇಸಾಯ ಮಾಡಬಹುದಿತ್ತು, ಸಂಸಾರ ಹೂಡಬಹುದಿತ್ತು. 1890ರಲ್ಲಿ ದ್ವೀಪಕ್ಕೆ ಬಂದ ಲಯಾಲ್ ಮತ್ತು ಲೆತ್‌ಬ್ರಿಜ್ ಎಂಬ ಅಧಿಕಾರಿಗಳು, ಕೈದಿಗಳು ತಾಯ್ನೆಲದ ಜೈಲಿಗಿಂತ ಅಂಡಮಾನೇ ಲೇಸೆಂದು ಭಾವಿಸಿರುವುದನ್ನು ಕಂಡರು. ಬಂದವರನ್ನು ಮೊದಲ ಕೆಲವು ತಿಂಗಳು ಏಕಾಂತದಲ್ಲಿಡಬೇಕೆಂದು ಶಿಫಾರಸು ಮಾಡಿದರು. ಅದರ ಫಲವಾಗಿ 1896ರಲ್ಲಿ ಆರಂಭವಾದ ಕಟ್ಟಡ 1906ರ ಹೊತ್ತಿಗೆ ಮುಗಿಯಿತು. ಇಟ್ಟಿಗೆ ಬರ್ಮಾದಿಂದ ಬಂತು, ದುಡಿದವರು ಕೈದಿಗಳೇ.

ಚಕ್ರದ ಗುಂಬದಿಂದ ಅರೆಗಳು ಹೊರಟಂತೆ ನಡುಗೋಪುರದಿಂದ ಏಳು ಸಾಲುಗಳು ಹೊರಟಿದ್ದವು. ಗೋಪುರದ ಕೆಲವೇ ಕಾವಲುಗಾರರಿಗೆ ಇಡೀ ಜೈಲು ಕಾಣುತ್ತಿತ್ತು. ಕೈದಿಗೆ ಮಾತ್ರ ಇನ್ನೊಬ್ಬ ಕೈದಿ ಕಾಣುತ್ತಿರಲಿಲ್ಲ. ಒಂದು ಸಾಲಿನ ಬಾಗಿಲುಗಳ ಎದುರಿಗೆ ಮುಂದಿನ ಸಾಲಿನ ಬೆನ್ನುಗೋಡೆ ಬರುವಂತೆ ಕಟ್ಟಿದ್ದರು. ಹಿಂಗೋಡೆಯಲ್ಲಿ ಸುಮಾರು 3 ಮೀಟರ್ ಎತ್ತರಕ್ಕೊಂದು ಗವಾಕ್ಷಿ. ಕಬ್ಬಿಣದ ಬಾಗಿಲಿನ ಅಗುಳಿ ಹೊರಗೋಡೆಯ ಗೂಡಿನೊಳಗೆ ಸೇರುತ್ತಿದ್ದುದರಿಂದ ಸರಳುಗಳ ನಡುವೆ ಕೈ ಚಾಚಿದರೂ ಎಟುಕುತ್ತಿರಲಿಲ್ಲ.

ಹಗಲೆಲ್ಲ ದುಡಿಮೆ. ತೆಂಗಿನ ಸಿಪ್ಪೆ ಜಜ್ಜಿ ನಾರು ತೆಗೆಯಬೇಕು, ಹಗ್ಗ ಹೊಸೆಯಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಗಾಣ; ಎತ್ತಿನ ಜಾಗದಲ್ಲಿ ಮನುಷ್ಯ ಸುತ್ತಿ, ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು. ಲೆಕ್ಕ ಕಡಿಮೆಯಾದರೆ ಕೈಕೋಳ, ಬೇಡಿ, ಛಡಿಯೇಟು.

1909ರಿಂದ ರಾಜಕೀಯ ಕೈದಿಗಳು ಬರತೊಡಗಿದರು. ಅಲಿಪುರ ಬಾಂಬ್ ಮೊಕದ್ದಮೆಯ ಬಾರೀಂದ್ರ ಘೋಷ್, ಉಲ್ಲಾಸ್ಕರ್ ದತ್ತ ಮೊದಲ ತಂಡದಲ್ಲಿದ್ದರು. 1911ರಲ್ಲಿ ವಿನಾಯಕ ದಾಮೋದರ ಸಾವರ್ಕರ್ ಬಂದರು. 1920ರ ದಶಕದ ಆರಂಭದಲ್ಲಿ ರಾಜಕೀಯ ಕೈದಿಗಳನ್ನು ತಾಯ್ನೆಲಕ್ಕೆ ಕಳುಹಿಸಿದ ಸರ್ಕಾರ, 1932ರಿಂದ ಮತ್ತೆ ಇಲ್ಲಿಗೇ ತಂದಿತು. 1933ರ ಉಪವಾಸ ಸತ್ಯಾಗ್ರಹದಲ್ಲಿ ಬಲವಂತವಾಗಿ ಹಾಲು ಕುಡಿಸುವ ಕ್ರಮಕ್ಕೆ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೊಯಿತ್ರಾ ಬಲಿಯಾದರು. 1937ರಲ್ಲಿ ಮತ್ತೊಮ್ಮೆ ಉಪವಾಸ ನಡೆಯಿತು. ದೇಶದೊಳಗೂ ಒತ್ತಾಯ ಬಲವಾಗಿ, 1938ರ ಆರಂಭದೊಳಗೆ ರಾಜಕೀಯ ಕೈದಿಗಳೆಲ್ಲ ಹಿಂತಿರುಗಿದರು.

1942ರಿಂದ 1945ರವರೆಗೆ ದ್ವೀಪ ಜಪಾನೀಯರ ಕೈಯಲ್ಲಿತ್ತು. ಆಗ ಇಲ್ಲಿ ಸೆರೆಯಾದವರು ಬ್ರಿಟಿಷರೂ ಸ್ಥಳೀಯರೂ. ಏಳು ಸಾಲುಗಳಲ್ಲಿ ನಾಲ್ಕು ಜಪಾನೀಯರ ಕಾಲದಲ್ಲೂ ಸ್ವಾತಂತ್ರ್ಯದ ನಂತರವೂ ನೆಲಸಮವಾದವು. ಜೈಲಿನ ಆವರಣದಲ್ಲೇ 1963ರಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಎದ್ದಿತು. ಉಳಿದ ಮೂರು ಸಾಲುಗಳನ್ನೂ ಗೋಪುರವನ್ನೂ 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ರಾಷ್ಟ್ರೀಯ ಸ್ಮಾರಕವಾಗಿ ಅರ್ಪಿಸಿದರು.