ಹೊಲ ಕಾಯೋ ನಾಯಿಗೆ ಕುಸುಬಿ ಎಣ್ಣೆ

ನಮ್ಮ ನಾಯಿ ಬರೀ ಜೋಳದ ರೊಟ್ಟಿ, ಮಜ್ಜಿಗೆ ಮೇಲೇ ಇತ್ತು. ಮೈ ಒಣಗಿ ಹೊಟ್ಟು ಉದುರತೊಡಗಿತು, ಕೂದಲು ಒರಟಾಯಿತು. ಜಿಡ್ಡು ಕಮ್ಮಿ ಆಗಿರಬೇಕೆಂದು ಹಬ್ಬದಲ್ಲಿ ಕರಿದುಳಿದ ಎಣ್ಣೆಯನ್ನೆಲ್ಲ ಅದರ ರೊಟ್ಟಿಗೆ ಸುರಿದೆ. ಭೇದಿ ಹತ್ತಿ ಮೂರು ದಿನ ಮೇಲೇಳಲಿಲ್ಲ. ತಪ್ಪು ನನ್ನದೇ. ಒಮ್ಮೆಲೇ ಜಿಡ್ಡು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಬಾತು ಜೀವವೇ ಹೋದೀತು ಎಂದರು ದನದ ಡಾಕ್ಟರು.

ಹಾಗಂತ ಎಣ್ಣೆಯೇ ಕೆಟ್ಟದ್ದಲ್ಲ. ಕುಸುಬಿ ಎಣ್ಣೆಯಲ್ಲಿರೋ ಲಿನೋಲಿಕ್ ಆಮ್ಲ ನಾಯಿಯ ಚರ್ಮಕ್ಕೆ ಬೇಕೇ ಬೇಕು, ಅದರ ಮೈ ಅದನ್ನು ತಾನಾಗಿ ಮಾಡಿಕೊಳ್ಳಲಾರದು. ನಾಯಿ ಪೂರ್ತಿ ಸುಧಾರಿಸಿದ ಮೇಲೆ ಗಾಣದ ತಾಜಾ ಎಣ್ಣೆಯನ್ನು ದಿನಕ್ಕೆ ಅರ್ಧ ಚಹಾ ಚಮಚ ಕಲಸಿ ಹಾಕಿದೆ, ವಾರದ ನಂತರ ಒಂದು ಚಮಚ. ನಾಯಿ 15 ಕಿಲೋ ಇದ್ದೀತು. ಎರಡು ತಿಂಗಳಿಗೆ ಮೈ ಮಿಂಚಿತು. ಕಮಟು ವಾಸನೆ ಬಂದ ಎಣ್ಣೆ ಮಾತ್ರ ಬೇಡ. ಕಜ್ಜಿ, ಉಣ್ಣಿ ಇದ್ದರೆ ಎಣ್ಣೆ ತಿನಿಸಿದರೆ ಹೋಗೋದಿಲ್ಲ, ಔಷಧವೇ ಆಗಬೇಕು.