ಸತ್ತವರ ಹೆಸರು ಮತ್ತೆ ಮತ್ತೆ

ಹೇಳಿದ್ದನ್ನೇ ಮತ್ತೆ ಹೇಳಿದರೆ ನೀವು ‘ಚರ್ವಿತಚರ್ವಣ’ ಎನ್ನುತ್ತೀರಿ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಡ್ಜರಿನಲ್ಲಿ ಒಂದೇ ಬಾಬ್ತು ಎರಡು ಸಲ ಬಂದರೆ ಅದು ತಪ್ಪೇ ಸರಿ. ಆದರೆ ಹಳೆಯ ಅರಬ್ಬೀ ಭಾಷೆಯಲ್ಲಿ ಸತ್ತವರಿಗಾಗಿ ಕಟ್ಟಿದ ‘ರಿಸಾ’ ಎಂಬ ಶೋಕಗೀತೆಗಳಿವೆ. ಅಲ್ಲಿ ಪುನರುಕ್ತಿ ದೋಷವಲ್ಲ, ಅದೇ ಹಾಡಿನ ಉಸಿರು.

ಅಲ್-ಖನ್ಸಾ ಎಂಬ ಕವಯಿತ್ರಿಯ ಹೆಸರು ಕೇಳಿದ್ದೀರಾ? ನಿಜನಾಮ ತುಮಾದಿರ್, ಸುಲೈಮ್ ಬುಡಕಟ್ಟಿನವಳು. 7ನೇ ಶತಮಾನದಲ್ಲಿ, ಇಸ್ಲಾಂ ಉದಯಿಸಿದ ಕಾಲದಲ್ಲಿ ಬಾಳಿದವಳು. ಮುಆವಿಯಾ, ಸಖ್ರ್ ಎಂಬ ಅವಳ ಇಬ್ಬರು ಸಹೋದರರೂ ಬುಡಕಟ್ಟುಗಳ ಕಾಳಗಕ್ಕೆ ಬಲಿಯಾದರು. ಸಖ್ರನ ಮೇಲೆ ಅವಳು ಕಟ್ಟಿದ ಪ್ರಸಿದ್ಧ ಹಾಡಿನಲ್ಲಿ ಅವನ ಹೆಸರು ಮತ್ತೆ ಮತ್ತೆ ಬರುತ್ತದೆ. ‘ಅವನು’ ಎಂದರೆ ಸಾಲದೇ? ಸಾಲದು. ಹೆಸರು ಬಂದಾಗಲೆಲ್ಲ ಅದರ ಬೆನ್ನಿಗೆ ಹೊಸ ಗುಣವೊಂದು ಬರುತ್ತದೆ: ಅವನ ಮುಂದಾಳುತನ, ಚಳಿಗಾಲದ ಬರದಲ್ಲಿ ಅವನ ದಾನ, ಹೀಗೆ. ಸಖ್ರ್ ಎಂದರೆ ಬಂಡೆ ಎಂದೇ ಅರ್ಥ. ಸಾಲಿನ ತುದಿಯಲ್ಲಾದರೋ ಹಾಡು ಮುಗಿಯುವವರೆಗೂ ಒಂದೇ ಪ್ರಾಸ. ಓದುವವರಿಗಿಂತ ಕೇಳುವವರಿಗೆ ಇದು ಹೆಚ್ಚು ನಾಟುತ್ತದೆ.

ಇದೆಲ್ಲ ಬರೀ ಕಣ್ಣೀರು ಎಂದುಕೊಳ್ಳಬೇಡಿ. ಖನ್ಸಾಳಿಗಿಂತ ಹಿಂದಿನವನು ಮುಹಲ್‌ಹಿಲ್. ಒಂದು ಒಂಟೆಯ ಜಗಳದಲ್ಲಿ ಅವನ ಅಣ್ಣ ಕುಲೈಬ್ ಕೊಲೆಯಾದ. ತಗ್ಲಿಬ್ ಮತ್ತು ಬಕ್ರ್ ಕುಲಗಳ ನಡುವೆ ಹೊತ್ತಿದ ಆ ಯುದ್ಧ 40 ವರ್ಷ ನಡೆಯಿತೆಂದು ಐತಿಹ್ಯ. ಮುಹಲ್‌ಹಿಲನ ಒಂದು ಹಾಡಿನಲ್ಲಿ ಸಾಲಿನ ಮೊದಲರ್ಧ ಹಾಗೆಯೇ ಮರಳಿ ಮರಳಿ ಬರುತ್ತದೆ, ಎರಡನೆಯ ಅರ್ಧ ಮಾತ್ರ ಬದಲಾಗುತ್ತದೆ. ಯಾರನ್ನು ಕೊಂದರೂ ಅಣ್ಣನಿಗೆ ಸಮವಾಗದು ಎಂಬುದು ಅದರ ತಾತ್ಪರ್ಯ. ಲೆಕ್ಕ ಚುಕ್ತಾ ಮಾಡಲು ಅವನು ಒಪ್ಪುವುದೇ ಇಲ್ಲ. ಇಂಥ ಪಲ್ಲವಿ ಕೇಳಿದ ಕುಲದವರು ಕತ್ತಿಯನ್ನು ಒರೆಗೆ ಹಾಕುವುದಾದರೂ ಹೇಗೆ?

11ನೇ ಶತಮಾನದಲ್ಲಿ, ಈಗಿನ ಟುನೀಸಿಯಾದ ಕೈರವಾನಿನಲ್ಲಿದ್ದ ಇಬ್ನ್ ರಶೀಕ್ ‘ಅಲ್-ಉಮ್ದಾ’ ಎಂಬ ಕಾವ್ಯಶಾಸ್ತ್ರ ಬರೆದ. ಪುನರುಕ್ತಿ ಎಲ್ಲಕ್ಕಿಂತ ಹೆಚ್ಚು ಒಪ್ಪುವುದು ಶೋಕಗೀತೆಗೆ, ಏಕೆಂದರೆ ಅಲ್ಲಿ ನೋವು ತೀವ್ರ ಎಂದು ಅವನ ಅಭಿಪ್ರಾಯ. ಶಾಸ್ತ್ರಕಾರನೊಬ್ಬ ಇಷ್ಟು ಸರಳವಾಗಿ ಹೇಳುವುದು ಅಪರೂಪ!

ಇನ್ನು ಮಾಲಿಕ್ ಇಬ್ನ್ ಅರ್-ರೈಬ್. ತಮೀಮ್ ಕುಲದ ಈತ ದೂರದ ಖುರಾಸಾನಿನಲ್ಲಿ ಸಾಯುವಾಗ ತನ್ನ ಶೋಕಗೀತೆಯನ್ನು ತಾನೇ ಕಟ್ಟಿಕೊಂಡನಂತೆ. ಅವನು ಹಿಡಿದದ್ದು ಮನುಷ್ಯರ ಹೆಸರನ್ನಲ್ಲ, ತನ್ನ ಸೀಮೆಯ ಮರಳುಗಾಡಿನಲ್ಲಿ ಬೆಳೆಯುವ ‘ಘದಾ’ ಎಂಬ ಗಿಡದ ಹೆಸರನ್ನು. ಮೊದಲ ಮೂರು ಸಾಲುಗಳಲ್ಲೇ ಅದು ಆರು ಸಲ ಬರುತ್ತದೆ.