ಬೈಸಿಕಲ್ಲಿನ ಹ್ಯಾಂಡಲನ್ನು ತಗ್ಗಿಸುವ ವಿಚಾರ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ರಜಾದಿನಗಳ ಮುಂಜಾನೆ ತುಮಕೂರಿನಿಂದ ಗುಬ್ಬಿಯವರೆಗೂ, ದೇವರಾಯನದುರ್ಗದ ಬೆಟ್ಟದವರೆಗೂ ಬೈಸಿಕಲ್ಲಿನ ಮೇಲೆ ಹೋಗಿಬರುತ್ತಿರುವರೆಂಬ ಸಂಗತಿಯು ನಮಗೆ ಬಹಳ ಸಂತೋಷವನ್ನುಂಟುಮಾಡಿದೆ. ಅವರಲ್ಲಿ ಅನೇಕರು ಏರುವುದು ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲೂ ತೆಳುವಾದ ಚಕ್ರಗಳೂ ಉಳ್ಳ ರೋಡ್ ಬೈಕ್ ಎಂಬ ವಾಹನವನ್ನು. ಈ ವಾಹನದ ವಿಷಯದಲ್ಲಿ ಒಂದು ಪ್ರಶ್ನೆಯು ನಮ್ಮ ಬಳಿಗೆ ಪದೇ ಪದೇ ಬರುತ್ತದೆ: ಹ್ಯಾಂಡಲನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದು? ಮಕ್ಕಳು, "ಇನ್ನೂ ತಗ್ಗಿಸಿದರೆ ಚೆನ್ನಾಗಿ ಕಾಣುತ್ತದೆ" ಎನ್ನುವರು. ಹಿರಿಯರು, "ಬೆನ್ನು ಗೂನಾದೀತು, ಎತ್ತರವಾಗಿಯೇ ಇರಲಿ" ಎನ್ನುವರು. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದಕಾರಣ ಈ ವಿಚಾರವನ್ನು ಇಲ್ಲಿ ವಿವರಿಸುವುದು ಯುಕ್ತವೆಂದು ತೋರಿತು.

ನಮ್ಮ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಕುಣಿಗಲ್ ರಸ್ತೆಯ ಕಡೆಯ ಒಂದು ಹಳ್ಳಿಯಿಂದ ಹತ್ತನೆಯ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳಿಗೆ, ಅವಳ ಅಣ್ಣನು ಬೆಂಗಳೂರಿನಲ್ಲಿ ಕೊಂಡಿದ್ದ ತನ್ನ ರೋಡ್ ಬೈಕನ್ನು ಬಿಟ್ಟುಕೊಟ್ಟನು. ಸಂಜೆಯ ವಿಶೇಷ ಪಾಠವು ಮುಗಿಯುವ ವೇಳೆಗೆ ಅವಳ ಊರಿನ ಬಸ್ಸು ಹೊರಟುಹೋಗಿರುತ್ತಿತ್ತು. ಆದ್ದರಿಂದ ಆ ಬೈಸಿಕಲ್ಲೇ ಅವಳಿಗೆ ಆಧಾರವಾಗಿತ್ತು. ಪಂದ್ಯದ ಚಿತ್ರಗಳನ್ನು ಕಂಡ ಅವಳು ಒಂದು ದಿನ ಹ್ಯಾಂಡಲನ್ನು ಇಳಿಯುವಷ್ಟೂ ಇಳಿಸಿಬಿಟ್ಟಳು. ನೋಟವು ನಿಜಕ್ಕೂ ಸೊಗಸಾಗಿತ್ತು. ಆದರೆ ತಿಂಗಳೊಳಗಾಗಿ, "ಮಿಸ್, ಬರೆಯುವಾಗ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಮರಗಟ್ಟಿದ ಹಾಗಾಗುತ್ತವೆ" ಎಂದು ನಮ್ಮಲ್ಲಿ ಹೇಳಿಕೊಂಡಳು. ಕತ್ತಿನ ನೋವೂ ಇತ್ತು. ತಂದೆಯವರು ಶಾಲೆಗೆ ಬಂದು, "ಹೆಣ್ಣುಮಕ್ಕಳಿಗೆ ಇಂಥ ಸೈಕಲ್ ಆಗಿಬರುವುದಿಲ್ಲ ಮೇಡಂ, ಮಾರಿಬಿಡುತ್ತೇವೆ" ಎಂದರು. ಮಾರಿದ್ದರೆ ವಿಶೇಷ ಪಾಠವೂ ಅಲ್ಲಿಗೆ ನಿಲ್ಲುತ್ತಿತ್ತು. ತಪ್ಪು ಸೈಕಲ್ಲಿನದೂ ಅಲ್ಲ, ಹೆಣ್ಣುತನದ್ದೂ ಅಲ್ಲ, ಅಳತೆಯದು ಎಂಬುದನ್ನು ಅವರಿಗೆ ತಿಳಿಸಬೇಕಾಯಿತು.

ಹೆಂಗಸರ ಹ್ಯಾಂಡಲಿನ ಎತ್ತರವನ್ನು ಅವರ ಮೈಕಟ್ಟಿಗಿಂತ ಹೆಚ್ಚಾಗಿ ಇತರರ ಅಭಿಪ್ರಾಯವೇ ನಿರ್ಣಯಿಸಿದ ಕಾಲವೊಂದಿತ್ತು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ, ಎರಡು ಚಕ್ರಗಳೂ ಹೆಚ್ಚುಕಡಮೆ ಸಮನಾಗಿರುವ ರೋವರ್ ಬೈಸಿಕಲ್ಲನ್ನು ಹೊರತಂದ ಮೇಲೆ, ಪಾಶ್ಚಾತ್ಯ ದೇಶಗಳಲ್ಲಿ ಸ್ತ್ರೀಯರೂ ಸವಾರಿಗೆ ತೊಡಗಿದರು. ತಗ್ಗಿದ ಹ್ಯಾಂಡಲಿನ ಮೇಲೆ ಬಾಗಿ ವೇಗವಾಗಿ ಹೋಗುವವರನ್ನು ಆಗಿನ ಪತ್ರಿಕೆಗಳು 'ಸ್ಕಾರ್ಚರ್' ಎಂದು ಹಾಸ್ಯಮಾಡಿದವು. ಸವಾರಿಯ ಆಯಾಸದಿಂದ ಸ್ತ್ರೀಯರಿಗೆ 'ಬೈಸಿಕಲ್ ಮುಖ' ಎಂಬ ವಿಕಾರವು ಬರುವುದೆಂದು ಹೇಳಿದ ವೈದ್ಯರೂ ಇದ್ದರು. ಸ್ತ್ರೀಯು ನೆಟ್ಟಗೆ ಕುಳಿತು ಮೆಲ್ಲನೆ ಹೋಗುವುದೇ ಮರ್ಯಾದೆಯೆಂದು ಎಣಿಸಲಾಗಿತ್ತು. ಅಂತಹ ದಿನಗಳಲ್ಲಿ, ಅಮೆರಿಕದ ಕ್ರೈಸ್ತ ಸ್ತ್ರೀಯರ ಮದ್ಯಪಾನ ವಿರೋಧಿ ಸಂಘದ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ವಿಲ್ಲರ್ಡ್ ಎಂಬವರು ತಮ್ಮ 53ನೆಯ ವಯಸ್ಸಿನಲ್ಲಿ ಬೈಸಿಕಲ್ ಕಲಿತು, 1895ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ನಮ್ಮ ನಾಡಿನಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಬೈಸಿಕಲ್ ಕೊಡಲಾರಂಭಿಸಿದ ಮೇಲೆ, ಹಳ್ಳಿಯ ಹುಡುಗಿಯರು ಸಾಲುಸಾಲಾಗಿ ಸೈಕಲ್ ತುಳಿದು ಬರುವುದು ಸಾಮಾನ್ಯ ನೋಟವಾಯಿತು. ಏರುವ ಹಕ್ಕು ದೊರೆತಿದೆ. ಇನ್ನು ತನ್ನ ದೇಹಕ್ಕೆ ತಕ್ಕಂತೆ ಕೂರುವ ವಿವೇಕವೂ ಬರಬೇಕು.

ಹ್ಯಾಂಡಲನ್ನು ತಗ್ಗಿಸುವುದರಿಂದ ಪ್ರಯೋಜನವೇನು? ಮುಖ್ಯವಾದ ಪ್ರಯೋಜನವು ಗಾಳಿಗೆ ಸಂಬಂಧಿಸಿದ್ದು. ಗುಬ್ಬಿಯು ತುಮಕೂರಿಗೆ ಪಶ್ಚಿಮದಲ್ಲಿ ಸುಮಾರು 20 ಕಿಲೋಮೀಟರು ದೂರದಲ್ಲಿದೆ. ಆಷಾಢಮಾಸದಲ್ಲಿ ಪಶ್ಚಿಮದಿಂದಲೇ ಗಾಳಿ ಬೀಸುವುದರಿಂದ, ಹೋಗುವಾಗ ಅದು ಎದೆಗೆ ಎದುರಾಗುತ್ತದೆ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗುವವಳಿಗೆ 15 ಕಿಲೋಮೀಟರು ವೇಗದ ಎದುರು ಗಾಳಿ ಬಂದರೆ, ಅವಳನ್ನು ತಾಕುವ ಗಾಳಿಯ ವೇಗ 35 ಆಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದರಿಂದ, ಅವಳು ಗಾಳಿಯಿಲ್ಲದ ದಿನಕ್ಕಿಂತ ಮೂರು ಪಟ್ಟು ತಡೆಯನ್ನು ಎದುರಿಸುವಳು. ಈ ತಡೆಯಲ್ಲಿ ಹೆಚ್ಚಿನ ಪಾಲು ಉಂಟಾಗುವುದು ಸವಾರಳ ದೇಹದಿಂದಲೇ, ಬೈಸಿಕಲ್ಲಿನದು ಸ್ವಲ್ಪ. ಆದ್ದರಿಂದ ದೇಹವು ಬಾಗಿದಷ್ಟೂ ಶ್ರಮವು ಕಡಮೆಯಾಗುತ್ತದೆ. 1989ರ ಟೂರ್ ಡಿ ಫ್ರಾನ್ಸ್ ಪಂದ್ಯದ ಕಡೆಯ ದಿನ, 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್, ಕೈಗಳನ್ನು ಮುಂದೆ ಚಾಚಿ ತಗ್ಗಿ ಕೂರಲು ಅನುಕೂಲವಾದ ಹೊಸ ಹ್ಯಾಂಡಲನ್ನು ಹಿಡಿದು, 24.5 ಕಿಲೋಮೀಟರುಗಳಲ್ಲಿ ಆ ಅಂತರವನ್ನೆಲ್ಲ ತುಂಬಿ, ಕೇವಲ 8 ಸೆಕೆಂಡುಗಳಿಂದ ಪಂದ್ಯವನ್ನು ಗೆದ್ದದ್ದು ಪ್ರಸಿದ್ಧವಾಗಿದೆ.

ಆದರೆ ಇಲ್ಲಿ ಎಲ್ಲರೂ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹ್ಯಾಂಡಲು ಇಳಿದ ಮಾತ್ರಕ್ಕೆ ದೇಹವು ಇಳಿಯುವುದಿಲ್ಲ. ಸೊಂಟವೂ ತೊಡೆಯ ಹಿಂಭಾಗವೂ ಬಾಗಲು ಒಪ್ಪದಿದ್ದರೆ, ಸವಾರಳು ಮೊಣಕೈಗಳನ್ನು ಕೋಲಿನಂತೆ ಸೆಟೆಸಿ ಎದೆಯನ್ನು ಮೇಲಕ್ಕೆ ತಳ್ಳಿಕೊಳ್ಳುವಳು. ಆಗ ಗಾಳಿಯ ತಡೆಯು ಮೊದಲಿನಷ್ಟೇ ಉಳಿಯುವುದು. ಅಂಗೈಗಳ ಮೇಲೆ ಭಾರವು ಬಿದ್ದು, ಮಣಿಕಟ್ಟಿನಲ್ಲಿ ಹಾಯುವ ನರವು ಒತ್ತಿಹೋಗಿ, ಕಡೆಯ ಎರಡು ಬೆರಳುಗಳು ಮರಗಟ್ಟುವುವು. ರಸ್ತೆಯನ್ನು ನೋಡಲು ತಲೆಯನ್ನು ಬಹಳ ಎತ್ತಬೇಕಾಗಿ ಕತ್ತು ನೋಯುವುದು. ಸೀಟಿನ ಮುಂತುದಿಯ ಒತ್ತಡವೂ ಹೆಚ್ಚುವುದು. ಇದನ್ನು ಹೆಣ್ಣುಮಕ್ಕಳು ಸಂಕೋಚದಿಂದ ಹೇಳದೆ, ನೋವು ನುಂಗಿಕೊಂಡು, ಕಡೆಗೆ ಸವಾರಿಯನ್ನೇ ಬಿಡುವುದುಂಟು. ತಾಯಂದಿರು ಇದನ್ನು ತಾವಾಗಿಯೇ ಕೇಳಿ ತಿಳಿಯುವುದು ಲೇಸು.

ಆದ್ದರಿಂದ ತಗ್ಗಿಸುವ ಮೊದಲು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬೇಕು. ಈಗಿರುವ ಎತ್ತರದಲ್ಲಿಯೇ ಮೊಣಕೈಗಳನ್ನು ಚೆನ್ನಾಗಿ ಮಡಿಸಿ, ಹತ್ತು ನಿಮಿಷ ಸಮನೆಲದಲ್ಲಿ ಸವಾರಿಮಾಡಿ ನೋಡಲಿ. ಉಸಿರಾಟಕ್ಕೂ ಕತ್ತಿಗೂ ತೊಂದರೆಯಾಗದಿದ್ದರೆ ಹ್ಯಾಂಡಲನ್ನು ಸ್ವಲ್ಪ ಇಳಿಸಬಹುದು. ಹತ್ತು ನಿಮಿಷ ನಿಲ್ಲಲಾರದವಳಿಗೆ ತಗ್ಗಿದ ಹ್ಯಾಂಡಲಿನಿಂದ ಯಾವ ಲಾಭವೂ ಇಲ್ಲ.

ಅಳತೆಗೂ ಒಂದು ಕ್ರಮವುಂಟು. ಮೊದಲು ಸೀಟು: ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದು ಅತ್ಯಂತ ಕೆಳಗಿರುವಾಗ ಕಾಲು ನೇರವಾಗಬೇಕು, ಹಾಗಿದ್ದಲ್ಲಿ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಕ್ಕಷ್ಟು ಬಾಗಿರುತ್ತದೆ. ಎರಡನೆಯದು ದೂರ: ಸೀಟಿನಿಂದ ಹ್ಯಾಂಡಲಿಗೆ ಕೈಚಾಚುವ ಅಂತರವು ಹೆಚ್ಚಾಗಿದ್ದರೆ, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಎಂಬ ಚಾಚುತುಂಡನ್ನು ಚಿಕ್ಕದಕ್ಕೆ ಬದಲಾಯಿಸಬೇಕು. ಎತ್ತರದ ವಿಚಾರವು ಮೂರನೆಯದು. ಹೊಸಬರಿಗೆ ಹ್ಯಾಂಡಲು ಸೀಟಿನ ಸಮಕ್ಕೆ ಅಥವಾ ಎರಡು ಮೂರು ಸೆಂಟಿಮೀಟರು ಕೆಳಗೆ ಇದ್ದರೆ ಸಾಕು.

ಈಗಿನ ರೋಡ್ ಬೈಕುಗಳಲ್ಲಿ ಸ್ಟೆಮ್ಮಿನ ಕೆಳಗೆ ಬಳೆಗಳಂತಹ ಸ್ಪೇಸರುಗಳಿರುತ್ತವೆ. ಕೆಳಗಿನ ಒಂದು ಬಳೆಯನ್ನು ತೆಗೆದು ಸ್ಟೆಮ್ಮಿನ ಮೇಲಕ್ಕೆ ಹಾಕಿದರೆ ಹ್ಯಾಂಡಲು ಆ ಬಳೆಯ ದಪ್ಪದಷ್ಟು ಇಳಿಯುತ್ತದೆ. ಫೋರ್ಕಿನ ಕೊಳವೆಯು ಓರೆಯಾಗಿರುವುದರಿಂದ, 10 ಮಿಲಿಮೀಟರು ಇಳಿಸಿದಾಗ ಹ್ಯಾಂಡಲು ಸುಮಾರು 3 ಮಿಲಿಮೀಟರು ಮುಂದಕ್ಕೂ ಸರಿಯುವುದೆಂಬುದನ್ನು ಮರೆಯಬಾರದು. ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಮೇಲಿನ ಮುಚ್ಚಳವನ್ನು ಬಿಚ್ಚಿ, ಬಳೆಯನ್ನು ಬದಲಿಸಿದ ಮೇಲೆ, ಮೊದಲು ಮುಚ್ಚಳದ ಬೋಲ್ಟನ್ನು ಮೆಲ್ಲಗೆ ಬಿಗಿಯಬೇಕು. ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲುಗಿಸಿದಾಗ ಕಟಕಟವೆನ್ನಬಾರದು. ಹ್ಯಾಂಡಲು ತಡೆಯಿಲ್ಲದೆ ತಿರುಗಬೇಕು. ಅನಂತರ ಹ್ಯಾಂಡಲನ್ನು ಚಕ್ರಕ್ಕೆ ನೇರಮಾಡಿ, ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ, ಸ್ಟೆಮ್ಮಿನ ಮೇಲೆ ಕೆತ್ತಿರುವಷ್ಟೇ ಬಲದಿಂದ ಬಿಗಿಯಬೇಕು. ಮೇಲೆ ಉಳಿದ ಕೊಳವೆಯು ಅಂದಗೆಡಿಸುವುದೆಂದು ಅದನ್ನು ಕೂಡಲೇ ಕತ್ತರಿಸಬಾರದು. ಬಳೆಯನ್ನು ಮತ್ತೆ ಕೆಳಗೆ ಹಾಕಬಹುದು. ಕತ್ತರಿಸಿದ ಕೊಳವೆಯು ಮತ್ತೆ ಬೆಳೆಯುವುದಿಲ್ಲ.

ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಹ್ಯಾಂಡಲಿನ ಕಾಂಡವು ಕೊಳವೆಯೊಳಗೆ ಇಳಿದಿದ್ದು, ಉದ್ದನೆಯ ಬೋಲ್ಟೊಂದು ಅದನ್ನು ಬೆಣೆಯಿಂದ ಬಿಗಿದಿರುತ್ತದೆ. ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡನ್ನಿಟ್ಟು ಮೆಲ್ಲಗೆ ಬಡಿದರೆ ಬೆಣೆಯು ಬಿಡುವುದು. ಸರಳುಗಳ ಬ್ರೇಕುಳ್ಳ ಸೈಕಲ್ಲಾದರೆ, ಹ್ಯಾಂಡಲು ಇಳಿದಷ್ಟು ಬ್ರೇಕಿನ ಸರಳನ್ನೂ ಸರಿಪಡಿಸಬೇಕು. ಯಾವ ಮಾದರಿಯೇ ಆಗಲಿ, ಬ್ರೇಕನ್ನು ಪರೀಕ್ಷಿಸದೆ ದೇವರಾಯನದುರ್ಗದ ಇಳಿಜಾರಿಗೆ ಹೋಗಕೂಡದು.

ಅಂದದ ಆಸೆಯನ್ನು ನಾವು ಹಳಿಯುವುದಿಲ್ಲ. ತಗ್ಗಿದ ಹ್ಯಾಂಡಲಿನ ನೋಟದಲ್ಲಿ ಓಟದ ಕುದುರೆಯ ಬಿಗುವಿದೆ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗಳಿಗೆ ಹೆಸರಾದ ಕುಣಿಗಲ್ ನಮಗೆ ಹತ್ತಿರದಲ್ಲಿಯೇ ಇದೆ. ಪಂದ್ಯದ ಸವಾರನು ರಿಕಾಪುಗಳನ್ನು ಗಿಡ್ಡಮಾಡಿ ಕುದುರೆಯ ಕತ್ತಿನ ಮೇಲೆ ಬಾಗುವನು. ದೂರದ ಊರಿಗೆ ಹೋಗುವವನು ಅವನ್ನು ತನ್ನ ಕಾಲಳತೆಗೆ ಇಳಿಬಿಡುವನು. ಒಬ್ಬನನ್ನು ನೋಡಿ ಇನ್ನೊಬ್ಬನು ಕಟ್ಟಿಕೊಳ್ಳುವುದಿಲ್ಲ. ನೋವಿಲ್ಲದೆ ಮೊಣಕೈ ಮಡಿಸಿ ಹೋಗುವ ಸವಾರಳು ಎಷ್ಟು ಎತ್ತರದ ಹ್ಯಾಂಡಲನ್ನು ಹಿಡಿದಿದ್ದರೂ ಅಂದವಾಗಿಯೇ ಕಾಣುವಳು.

ಆ ಹುಡುಗಿಯ ಸೈಕಲ್ಲನ್ನು ತಂದೆಯವರು ಮಾರಲಿಲ್ಲ. ಮೇಲಕ್ಕೆ ಹೋಗಿದ್ದ ಮೂರು ಬಳೆಗಳಲ್ಲಿ ಎರಡನ್ನು ಮತ್ತೆ ಕೆಳಗಿಡಿಸಿ, ಅಣ್ಣನ ಅಳತೆಯ ಸ್ಟೆಮ್ಮಿಗೆ ಬದಲು ಚಿಕ್ಕದೊಂದನ್ನು ಹಾಕಿಸಿದೆವು. ವೈದ್ಯರಿಗೂ ಕೈಯನ್ನು ತೋರಿಸಲಾಯಿತು. ಕೆಲವು ವಾರಗಳಲ್ಲಿ ಬೆರಳುಗಳು ಸರಿಹೋದವು. ಅವಳು ವಿಶೇಷ ಪಾಠಕ್ಕೆ ಬಂದಳು, ಪರೀಕ್ಷೆಯನ್ನೂ ಬರೆದಳು. ಆಮೇಲೆ ರಜೆಯಲ್ಲಿ ತಂದೆಯವರೇ ಅಲನ್ ಕೀ ಹಿಡಿದು ಒಂದು ಬಳೆಯನ್ನು ಮೇಲಕ್ಕೆ ಹಾಕಿಕೊಟ್ಟರೆಂದು ತಿಳಿದು ನಮಗೆ ಬಹಳ ಸಮಾಧಾನವಾಯಿತು. ಇನ್ನೊಂದು ಬಳೆಯು ಇನ್ನೂ ಕೆಳಗಿದೆ, ಅದಕ್ಕೆ ಅವಸರವಿಲ್ಲ. ಪೋಷಕರು ಮಕ್ಕಳ ನೋವನ್ನು ಕಂಡಾಗ ಸೈಕಲ್ಲನ್ನು ಮೂಲೆಗಿಡುವ ಮುನ್ನ ಒಮ್ಮೆ ಅಳತೆಯನ್ನು ನೋಡಬೇಕೆಂದೂ, ಮಕ್ಕಳು ಒಂದು ಸಲಕ್ಕೆ ಒಂದೇ ಬಳೆಯನ್ನು ಇಳಿಸಿ ಕೆಲವು ವಾರ ಕಾಯಬೇಕೆಂದೂ ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇವೆ.